ಪಡಸಾಲೆಯ ಬೆಂಚಿನ ಕುಂಬಳಕಾಯಿ

ಮಹಾನವಮಿ ಮುಗಿದು ದೀಪಾವಳಿ ಇನ್ನೂ ದೂರವಿರುವ ದಿನಗಳಲ್ಲಿ ನಮ್ಮ ಬೀಜದ ವ್ಯಾಪಾರಿಗಳ ವಾಟ್ಸಾಪ್ ಗುಂಪಿಗೆ ಒಂದು ಹುಚ್ಚು ಹತ್ತುತ್ತದೆ. ಬೆಳಿಗ್ಗೆ ಎದ್ದು ಫೋನು ತೆಗೆದರೆ ಯಾವುದೋ ದೇಶದ ಹಳದಿ ಎಲೆಯ ಮರ, ಮರದ ಕೆಳಗೆ ಕುಂಬಳಕಾಯಿಗಳ ರಾಶಿ, ರಾಶಿಯ ಪಕ್ಕದಲ್ಲಿ ಸ್ವೆಟರ್ ತೊಟ್ಟ ಕೆಂಪು ಕೆನ್ನೆಯ ಕೂಸು, ಕೆಳಗೆ ‘ಶುಭೋದಯ’. ಕಳಿಸಿದವರು ಯಲಬುರ್ಗಾದ ನಮ್ಮ ವ್ಯಾಪಾರಿ ಮಿತ್ರರು. ಅವರ ಊರಿನಲ್ಲಿ ಈ ತಿಂಗಳು ಎಲೆ ಹಳದಿಯಾದರೆ ಅದಕ್ಕೆ ರೋಗ ಎಂದು ಹೆಸರು. ರೈತರು ಆ ಎಲೆ ಹಿಡಿದುಕೊಂಡು ಇದೇ ಮಿತ್ರರ ಅಂಗಡಿಗೆ ಬಂದು ಔಷಧ ಕೇಳುತ್ತಾರೆ. ಇವರು ಕೊಟ್ಟು ಕಳಿಸಿ, ಮತ್ತೆ ಫೋನು ತೆಗೆದು ಹಳದಿ ಎಲೆಯ ಸೊಬಗು ನೋಡುತ್ತಾರೆ.

ನಗು ಬರುತ್ತದೆ ನಿಜ. ಆದರೆ ಆ ಫೋಟೋಗಳನ್ನು ನಾನು ಅಳಿಸುವುದಿಲ್ಲ. ಕುಂಬಳಕಾಯಿ ಎಲ್ಲಿಯದಾದರೇನು, ನೋಡಲು ಚೆಂದ. ಎಲೆ ಅಡಿಕೆ ಬಿಟ್ಟೆ, ಚಹಾ ಕಡಿಮೆ ಮಾಡಿದೆ, ಇಸ್ಪೀಟು ಮೊದಲೇ ಬರುವುದಿಲ್ಲ. ಈ ವಯಸ್ಸಿನಲ್ಲಿ ನನಗೆ ಉಳಿದ ಚಟ ಇದೊಂದೇ. ತಿನ್ನುವ ಚಟ ಅಲ್ಲ, ಬರೀ ನೋಡುವ ಚಟ. ಕುಷ್ಟಗಿಯ ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಹೆಂಗಸರಿಗೆಲ್ಲ ನನ್ನ ಪರಿಚಯವಿದೆ. ಕೈ ಹಿಂದೆ ಕಟ್ಟಿಕೊಂಡು ನಿಂತೆನೆಂದರೆ ಒಬ್ಬಾಕೆಯಾದರೂ ಅಂದೇ ಅನ್ನುತ್ತಾಳೆ: “ನೋಡಿ ನೋಡಿ ಸವಸಬ್ಯಾಡ್ರಿ ಸಾವ್ಕಾರ್ರ. ಒಂದರ ತಗೊಂಡು ಹೋಗ್ರಿ.”

ನೀವೂ ಒಮ್ಮೆ ನಿಂತು ನೋಡಿ, ಆಮೇಲೆ ನನ್ನನ್ನು ನೋಡಿ ನಗಿರಿ. ಬೂದುಗುಂಬಳ ಇದೆಯಲ್ಲ, ಅದು ಪೂಜೆ ಮುಗಿಸಿ ಮೈತುಂಬ ವಿಭೂತಿ ಬಳಿದುಕೊಂಡು ಕೂತ ಹಿರಿಯರ ಹಾಗೆ. ಮುಟ್ಟಿದರೆ ನಮಗೂ ಒಂದಿಷ್ಟು ಹತ್ತುತ್ತದೆ. ಸೋರೆಕಾಯಿಗೆ ಕತ್ತು ಒಂದು ಕಡೆ, ಹೊಟ್ಟೆ ಇನ್ನೊಂದು ಕಡೆ. ಹೀರೆಕಾಯಿ ಉದ್ದಕ್ಕೆ ಬೆಳೆದು ತೆಪ್ಪಗಿರುತ್ತದೆ. ಇವುಗಳ ನಡುವೆ ಕೆಂಪು ಕುಂಬಳ ಬಂದು ಕೂತರೆ ಉಳಿದವರು ಸರಿದು ಜಾಗ ಬಿಡಬೇಕು. ಆ ಮಡಿಕೆಗಳು, ಆ ಕೇಸರಿ ಬಣ್ಣದೊಳಗೆ ಅಲ್ಲಲ್ಲಿ ಉಳಿದ ಹಸಿರು, ತಲೆಯ ಮೇಲೆ ಒಣಗಿ ತಿರುಚಿದ ತೊಟ್ಟು. ಯಾವ ಅವಸರವೂ ಇಲ್ಲದೆ ಕೂರುವುದು ಹೇಗೆಂದು ಅದನ್ನು ನೋಡಿಯೇ ಕಲಿಯಬೇಕು. ನಾನು ಕಲಿತಿದ್ದೇನೆ, ಕಲಿತದ್ದು ಹೆಚ್ಚಾಯಿತು ಎಂದು ನನ್ನ ಹೆಂಡತಿ ಗಿರಿಜಾಳ ದೂರು.

ನಮ್ಮ ಜನಕ್ಕೆ ಕುಂಬಳಕಾಯಿ ನೋಡುವ ಕಣ್ಣಿಲ್ಲ ಅನ್ನುವಂತೆಯೂ ಇಲ್ಲ. ಮಗಳನ್ನು ಕೊಟ್ಟ ಊರು ಗಂಗಾವತಿ. ಅಲ್ಲಿಯ ಅಕ್ಕಿ ಗಿರಣಿಗಳ ಮುಂದೆ ಜೋತಾಡುವ ಬೂದುಗುಂಬಳಗಳನ್ನು ನೋಡಬೇಕು. ಕೆಂಪು ನಾಲಿಗೆ, ಕೋರೆಹಲ್ಲು, ಗಿರಣಿ ಮಾಲಕರಿಗಿಂತ ದೊಡ್ಡ ಮೀಸೆ. ವಿದೇಶದವರು ಕುಂಬಳಕಾಯಿಗೆ ಕಣ್ಣು ಮೂಗು ಕೊರೆದು ದೀಪ ಇಡುತ್ತಾರೆಂದು ನಮ್ಮ ಗುಂಪಿನಲ್ಲಿ ಬೆರಗಾಗುತ್ತಾರಲ್ಲ, ನಾವು ಯಾವ ಕಾಲದಿಂದಲೋ ರಾಕ್ಷಸನನ್ನು ಬರೆದು ಬಾಗಿಲಿಗೆ ಕಟ್ಟುತ್ತ ಬಂದವರು. ಆಯುಧಪೂಜೆಯ ದಿನವಂತೂ ಲಾರಿ, ಟ್ರ್ಯಾಕ್ಟರು, ಬೈಕು ಎಲ್ಲದರ ಮುಂದೆ ಕುಂಕುಮ ತುಂಬಿದ ಕುಂಬಳಕಾಯಿ ನಡುರಸ್ತೆಯಲ್ಲಿ ಒಡೆಯುತ್ತದೆ. ಲಾರಿಗೆ ತಾಕಿದ ಕೆಟ್ಟ ದೃಷ್ಟಿ ಹೋಗುತ್ತದೆ. ಅದರ ಹಿಂದೆ ಬಂದ ಬೈಕಿನವನು ಆ ತಿರುಳಿನ ಮೇಲೆ ಜಾರಿ ಬೀಳುತ್ತಾನೆ. ಬಿದ್ದವನು ಎದ್ದು ಧೂಳು ಕೊಡವಿಕೊಂಡು, ತನಗೆ ಯಾರದೋ ದೃಷ್ಟಿ ಆಗಿದೆಯೆಂದು ಇನ್ನೊಂದು ಕುಂಬಳಕಾಯಿ ಕೊಳ್ಳಲು ಹೋಗುತ್ತಾನೆ. ವ್ಯಾಪಾರ ನಿಲ್ಲುವುದೇ ಇಲ್ಲ.

ನನಗೆ ಈ ಚಟ ಹತ್ತಿದ್ದು ಯಲಬುರ್ಗಾ ಕಡೆಯ ತಳಕಲ್ಲಿನಲ್ಲಿ, ಹುಡುಗನಾಗಿದ್ದಾಗ. ನಮ್ಮದು ಸಜ್ಜೆ ಹೊಲ. ಸಜ್ಜೆಯ ಸಾಲುಗಳ ನಡುವೆ ಅವ್ವ ಅಲ್ಲೊಂದು ಇಲ್ಲೊಂದು ಕುಂಬಳ ಬೀಜ ಊರುತ್ತಿದ್ದಳು. ಆಮೇಲೆ ಅವುಗಳ ನೆನಪು ಯಾರಿಗೂ ಇರುತ್ತಿರಲಿಲ್ಲ. ಸಜ್ಜೆ ಆಳೆತ್ತರ ಬೆಳೆದು ಎಲ್ಲ ಮುಚ್ಚಿಬಿಡುತ್ತಿತ್ತು. ಮಹಾನವಮಿ ಹೊತ್ತಿಗೆ ಸಜ್ಜೆ ಕೊಯ್ದು ಹಾಕಿದ ಮೇಲೆ ನೋಡಿದರೆ, ಬೋಳು ಹೊಲದಲ್ಲಿ ಅಲ್ಲಲ್ಲಿ ಕುಂಬಳಕಾಯಿಗಳು! ಕರೆಯದೆ ಬಂದ ಬೀಗರು ರಾತ್ರೋರಾತ್ರಿ ಬಂದು ಕೂತ ಹಾಗೆ. ನಾನು ಒಂದರಿಂದ ಇನ್ನೊಂದಕ್ಕೆ ಓಡುತ್ತಿದ್ದೆ. ಬಿಸಿಲಿಗೆ ಕಾದ ಕಾಯಿಯ ಮೇಲೆ ಕೆನ್ನೆ ಇಟ್ಟರೆ ಹಿತವಾದ ಬಿಸಿ. ಆ ಬಿಸಿ ಈಗಲೂ ಕೆನ್ನೆಯಲ್ಲಿದೆ. ಉಗುರಿನಿಂದ ಎಳೆಯ ಕಾಯಿಯ ಮೇಲೆ ಹೆಸರು ಕೆತ್ತಿದರೆ ಕಾಯಿ ಬೆಳೆದಂತೆ ಹೆಸರೂ ಬೆಳೆಯುತ್ತಿತ್ತು. ನನ್ನ ಹೆಸರು ಜೀವನದಲ್ಲಿ ದೊಡ್ಡದಾದದ್ದು ಅಲ್ಲಿ ಮಾತ್ರ.

ಹೊಲದಿಂದ ತಂದ ಕಾಯಿಗಳು ಅಟ್ಟದ ಮೇಲೆ ಸಾಲಾಗಿ ಕೂರುತ್ತಿದ್ದವು. ಅವುಗಳನ್ನು ಕಡಿಯುವುದಕ್ಕೆ ಒಂದು ಕಟ್ಟುಪಾಡು. ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಏಟು ಹಾಕಬಾರದು, ಗಂಡಸೇ ಹಾಕಬೇಕು. ಒಮ್ಮೆ ಎರಡು ಹೋಳಾಯಿತೆಂದರೆ ಆಮೇಲೆ ಹೆಂಗಸರು ಏನಾದರೂ ಮಾಡಿಕೊಳ್ಳಲಿ. ನಮ್ಮವ್ವ ಕೊಡಲಿ ಎತ್ತಿ ಜಾಲಿಯ ಬೊಡ್ಡೆ ಸೀಳುತ್ತಿದ್ದಳು, ಅದಕ್ಕೆ ಗಂಡಸು ಬೇಕಿರಲಿಲ್ಲ. ಹಾವು ಬಂದರೆ ಹೊಡೆಯುತ್ತಿದ್ದಳು, ಅಪ್ಪ ಆಗ ಹಿತ್ತಲಿನಿಂದ “ಸತ್ತಿತೇನು?” ಎಂದು ಕೇಳುತ್ತಿದ್ದ. ಆದರೆ ಕುಂಬಳಕಾಯಿ ಮಾತ್ರ ಅಪ್ಪ ಹೊಲದಿಂದ ಬರುವವರೆಗೆ ಅಡಿಗೆಮನೆಯ ನಡುವೆ ಕಾಯುತ್ತ ಕೂರಬೇಕು. ಅಪ್ಪ ಬಂದು, ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು, ಗಂಟಲು ಸರಿಮಾಡಿಕೊಂಡು ಒಂದೇ ಏಟು ಹಾಕುತ್ತಿದ್ದ. ಕಾಯಿ ಎರಡು ಹೋಳು! ನೆರೆಯವರು ಸಹ ನೋಡಿ ತಲೆದೂಗುತ್ತಿದ್ದರು. ಅಪ್ಪನ ನಂತರ ಆ ಅಧಿಕಾರ ನನಗೆ ಬಂತು. ಮನೆಯ ಆಡಳಿತದಲ್ಲಿ ನನ್ನ ಕೈಗೆ ಸಿಕ್ಕಿದ ಖಾತೆ ಅದೊಂದೇ, ಆದ್ದರಿಂದ ಅದನ್ನು ಬಹಳ ಗತ್ತಿನಿಂದ ನಡೆಸಿಕೊಂಡು ಬಂದಿದ್ದೇನೆ.

ಈಗ ನಾನು ಕುಷ್ಟಗಿಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟುಕೊಂಡವನು. ಅಂಗಡಿಯ ಗೋಡೆ ತುಂಬ ಬೀಜದ ಪಾಕೀಟುಗಳು, ಒಂದೊಂದರ ಮೇಲೂ ಒಂದು ಕಾಯಿಯ ಚಿತ್ರ. ಅಂಥ ಕಾಯಿಗಳನ್ನು ನಾನು ಪಾಕೀಟಿನ ಆಚೆ ಕಂಡವನಲ್ಲ. ಕಂಡವರು ಯಾರಾದರೂ ಇದ್ದರೆ ಅವರು ಚಿತ್ರ ಬರೆದವರು. ಈ ವರ್ಷ ಮಹಾನವಮಿಯ ಮರುದಿನವೇ ತಳಕಲ್ಲಿನ ಹನಮಂತಪ್ಪ ಹೆಗಲ ಮೇಲೆ ಒಂದು ಕುಂಬಳಕಾಯಿ ಹೊತ್ತುಕೊಂಡು ಅಂಗಡಿಗೆ ಬಂದ. ನನ್ನ ವಾರಿಗೆಯವನು, ನಮ್ಮ ಹೊಲದ ಬದುವಿಗೆ ಅವನ ಹೊಲ. ಕಾಯಿಯನ್ನು ನನ್ನ ಮೇಜಿನ ಮೇಲೆ ಇಟ್ಟ ಕೂಡಲೆ ಮೇಜು ನರಳಿತು. ಅಂಥ ಕಾಯಿ! ಎರಡು ತೋಳಿಗೂ ಸಿಗದಷ್ಟು ದುಂಡಗೆ, ಒಂದು ಕಲೆ ಇಲ್ಲ, ಮಡಿಕೆಗಳೆಲ್ಲ ಅಳತೆ ಹಿಡಿದು ಮಾಡಿದಂತೆ.

“ನಮ್ಮ ಬೀಜದ್ದಾ?” ಎಂದು ಕೇಳಿದೆ. ಹೆಮ್ಮೆಯಿಂದ ಎದ್ದು ನಿಂತಿದ್ದೆ.

“ಎಲ್ಲೀದ್ರಿ ಸಾವ್ಕಾರ್ರ! ನಿಮ್ಮ ಬೀಜ ಹಾಕಿದ್ನಲ್ಲ, ಬಳ್ಳಿ ಬಂತು, ಹೂವು ಬಂತು, ಕಾಯಿ ಮಾತ್ರ ಪಾಕೀಟಿನ ಮ್ಯಾಲೇ ಉಳೀತು. ಇದು ತಿಪ್ಪಿ ಮ್ಯಾಲಿಂದು. ಯಾರೂ ಬಿತ್ತಿಲ್ಲ, ಯಾರೂ ನೀರು ಹಾಕಿಲ್ಲ. ಕಸದಾಗ ಒಗದ ಬೀಜ ತಾನಽ ಹುಟ್ಟೇತಿ. ಕಾಯಿ ಅಂದ್ರ ಹೆಂಗಿರ್ತಾವು ಅಂತ ನಿಮಗ ತೋರ್ಸಾಕ ತಂದೇನಿ. ನೋಡ್ಕೊಂತ ಕುಂದರ್ರಿ.”

ಹೀಗಂದು ನನ್ನ ಖರ್ಚಿನಲ್ಲಿ ಚಹಾ ಕುಡಿದು ಹೋದ. ನಾನು ಅವನ ಮಾತನ್ನು ಅಕ್ಷರಶಃ ಪಾಲಿಸಿದೆ. ಕಾಯಿಯನ್ನು ಮನೆಗೆ ತಂದು ಪಡಸಾಲೆಯ ಬೆಂಚಿನ ಮೇಲೆ, ಗೋಡೆಗೆ ಒರಗಿಸಿ, ಬೆಳಕು ಚೆನ್ನಾಗಿ ಬೀಳುವ ಹಾಗೆ ಕೂರಿಸಿದೆ. ಯಾರೂ ಮುಟ್ಟಕೂಡದು ಎಂದು ಅಪ್ಪಣೆ ಮಾಡಿದೆ. ಎದುರಿನ ಕುರ್ಚಿಯಲ್ಲಿ ನಾನು. ಅದೂ ನನ್ನನ್ನು ನೋಡುವುದು, ನಾನೂ ಅದನ್ನು ನೋಡುವುದು. ಒಂದು ಫೋಟೋ ತೆಗೆದು ಗುಂಪಿಗೆ ಹಾಕಿದೆ, ‘ಶುಭೋದಯ’ ಸಮೇತ. ತಿಪ್ಪೆಯ ವಿಷಯ ಬರೆಯಲಿಲ್ಲ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಸಂಜೆಗೆ ಬೀಜದ ಕಂಪನಿಯ ಅಧಿಕಾರಿಯಿಂದ ಫೋನು ಬಂತು. “ಸರ್, ಅದ್ಭುತ! ನಮ್ಮ ಬೀಜದ ಕಾಯಿ ಇಷ್ಟು ಚೆನ್ನಾಗಿ ಬಂದಿದ್ದು ನಾನೇ ನೋಡಿರಲಿಲ್ಲ. ಮುಂದಿನ ವರ್ಷದ ಕ್ಯಾಲೆಂಡರಿಗೆ ನಿಮ್ಮದೂ ಕಾಯಿದೂ ಫೋಟೋ ಹಾಕೋಣ. ಶೀಗಿ ಹುಣ್ಣಿಮೆ ಮರುದಿನ ಬರ್ತೀನಿ. ಅಲ್ಲಿವರೆಗೆ ಕಾಯಿ ಜೋಪಾನ.”

ಕ್ಯಾಲೆಂಡರು! ನಿಮಗೆ ಇದರ ಬೆಲೆ ತಿಳಿಯಲಿಕ್ಕಿಲ್ಲ. ನಮ್ಮ ಕಡೆ ಬೀಜದ ಕಂಪನಿಯ ಕ್ಯಾಲೆಂಡರು ಹಾಕದ ಮನೆಯಿಲ್ಲ, ಚಹಾದಂಗಡಿಯಿಲ್ಲ, ಕ್ಷೌರದಂಗಡಿಯಿಲ್ಲ. ದೇವರ ಪಟಕ್ಕೆ ದಿನಕ್ಕೆ ಒಮ್ಮೆ ಕೈ ಮುಗಿದರೆ ಕ್ಯಾಲೆಂಡರನ್ನು ಹತ್ತು ಸಲ ನೋಡುತ್ತಾರೆ. ಇಡೀ ಒಂದು ತಿಂಗಳು ಕುಷ್ಟಗಿ ತಾಲೂಕು ನನ್ನ ಮುಖ ನೋಡಿ ಅಮಾವಾಸ್ಯೆ ಲೆಕ್ಕ ಹಾಕುವುದನ್ನು ನೆನೆದು ನನಗೆ ಮೈ ಜುಮ್ಮೆಂದಿತು. ಇಸ್ತ್ರಿಗೆ ಧೋತರ ಕೊಟ್ಟೆ. ಮೀಸೆಗೆ ಬಣ್ಣ ತಂದೆ.

ಅಷ್ಟರಲ್ಲಿ ಮಗಳು ಸವಿತಾ ಗಂಗಾವತಿಯಿಂದ ಬಂದಳು. ಚೊಚ್ಚಲ ಬಸುರಿ. ಬಸ್ಸಿನಿಂದ ಇಳಿದವಳ ಗುರುತು ಹತ್ತಲಿಲ್ಲ. ಕೆನ್ನೆ ಒಳಗೆ ಹೋಗಿ ಕಣ್ಣು ಮಾತ್ರ ಉಳಿದಿದ್ದವು. ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿಲ್ಲ. ಅಳಿಯ ಇರುವುದು ಅಕ್ಕಿ ಗಿರಣಿಯಲ್ಲಿ. ಊರಿಗೆ ಊರೇ ಅಕ್ಕಿಯ ವಾಸನೆ. ಇವಳಿಗೆ ಅನ್ನ ಬೇಯುವ ವಾಸನೆಯೇ ಆಗದು. ರೊಟ್ಟಿ ಕೊಟ್ಟರೆ ಬೇಡ, ಗಂಜಿ ಬೇಡ, ಹಣ್ಣು ಬೇಡ. ಡಾಕ್ಟರು ಗುಳಿಗೆ ಬರೆದುಕೊಟ್ಟು, ಹುಡುಗಿ ಬಾಯಿಬಿಟ್ಟು ಏನು ಕೇಳುತ್ತಾಳೋ ಅದನ್ನು ಕೊಡಿ ಎಂದಿದ್ದರಂತೆ. ಆದರೆ ಅವಳು ಏನನ್ನೂ ಕೇಳುತ್ತಿರಲಿಲ್ಲ. ಗಿರಿಜಾ ಹುಲಿಗೆಮ್ಮನಿಗೆ ಹರಕೆ ಹೊತ್ತಳು, ನನ್ನ ಮಗಳ ಬಾಯಿಂದ ಒಂದು ಸಲ ಹಸಿವು ಅನ್ನಿಸು ತಾಯಿ ಎಂದು.

ಒಂದು ಮಧ್ಯಾಹ್ನ ಸವಿತಾ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ನಾನು ನನ್ನ ಕುರ್ಚಿಯಲ್ಲಿದ್ದೆ. ಬಹಳ ಹೊತ್ತು ಇಬ್ಬರೂ ಕುಂಬಳಕಾಯಿಯನ್ನೇ ನೋಡಿದೆವು.

“ಎಷ್ಟ್ ಚೆಂದ ಐತಲ್ಲಪಾ,” ಅಂದಳು.

ನನ್ನ ಕಣ್ಣು ಮಗಳಿಗಾದರೂ ಬಂತಲ್ಲ ಎಂದು ನಾನು ಹಿಗ್ಗಿದೆ. “ಹೌದಲ್ಲವಾ? ಆ ಬಣ್ಣ ನೋಡು.”

“ಅದನ್ನ ನೋಡ್ದಂಗೆಲ್ಲ ಗಾರಿಗಿ ನೆನಪಾಗತಾವು. ಬಿಸಿ ಬಿಸಿ ಗಾರಿಗಿ ತಿನ್ಬೇಕನಸ್ತೈತಿ.”

ಒಳಗಿನಿಂದ ಗಿರಿಜಾ ಓಡಿ ಬಂದಳು. ಗಾರಿಗೆ ಅಂದರೆ ಗೊತ್ತಲ್ಲ, ಕುಂಬಳಕಾಯಿ ಹೆರೆದು ಬೆಲ್ಲದಲ್ಲಿ ಬೇಯಿಸಿ, ಹಿಟ್ಟು ಕಲಸಿ, ಗಸಗಸೆ ಅದ್ದಿ ತಟ್ಟಿ ಎಣ್ಣೆಯಲ್ಲಿ ಕರಿಯುವುದು. ಎಷ್ಟೋ ದಿನಗಳ ಮೇಲೆ ಮಗಳು ಬಾಯಿಬಿಟ್ಟು ಒಂದು ಕೇಳಿದ್ದಳು. ಗಿರಿಜಾಳ ಕಣ್ಣಲ್ಲಿ ನೀರು. “ರೀ, ಏಳ್ರಿ. ಕೈಕಾಲು ತೊಳಕೊಂಡು ಬಂದು ಕಡದು ಕೊಡ್ರಿ.”

ನಾನು ಕುರ್ಚಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ. ಶೀಗಿ ಹುಣ್ಣಿಮೆಗೆ ಇನ್ನೂ ಕೆಲವು ದಿನಗಳಿದ್ದವು. ಕ್ಯಾಲೆಂಡರಿನ ವಿಷಯ ಎತ್ತಿದರೆ ಮರ್ಯಾದೆ ಉಳಿಯುವುದಿಲ್ಲ ಎಂದು ತಿಳಿದು ಶಾಸ್ತ್ರದ ಕಡೆಗೆ ಹೊರಳಿದೆ. “ಬಸುರಿ ಇದ್ದ ಮನ್ಯಾಗ ಇಡೀ ಕುಂಬಳಕಾಯಿ ಕಡೀಬಾರ್ದು ಅಂತಾರ. ನಿನಗ ಗೊತ್ತಿಲ್ಲೇನು?”

“ಅಮಾಸಿ ದಿನ ಗಾಡಿ ತಗೊಂಡವ್ರು ನೀವು. ಬೆಕ್ಕು ಅಡ್ಡ ಬಂದ್ರ ಬೆಕ್ಕಿಗೆ ಅಪಶಕುನ ಅಂದವ್ರು ನೀವು. ಇವತ್ತ ಎಲ್ಲಿಂದ ಬಂತ್ರಿ ಶಾಸ್ತ್ರ?”

“ಹಿರೇರು ಸುಮ್ನ ಹೇಳಿರ್ತಾರೇನು?”

ಗಿರಿಜಾ ಬೆಂಚಿನ ಕಡೆ ನೋಡಿದಳು, ನನ್ನ ಮೀಸೆಯ ಕಡೆ ನೋಡಿದಳು, ಒಳಗೆ ಹೋದಳು. ನಾನೂ ಕಟುಕನಲ್ಲ. ಅದೇ ಸಂಜೆ ಸಂತೆಗೆ ಹೋಗಿ, ಯಾರೋ ಕಡಿದು ಮಾರುತ್ತಿದ್ದ ಹೋಳು ತಂದೆ. ಕಡಿದ ಪಾಪ ಮಾರಿದವರಿಗೆ, ತಿನ್ನುವ ಪುಣ್ಯ ನಮಗೆ. ಆ ಹೋಳು ಬಿಳಿಚಿಕೊಂಡಿತ್ತು, ಬರೀ ನಾರು. ಅದರ ಗಾರಿಗೆಯನ್ನು ಸವಿತಾ ಒಂದು ಚೂರು ಕಚ್ಚಿ ಬಚ್ಚಲಿಗೆ ಓಡಿದಳು. ಬಂದು ಮಲಗಿದವಳು ಗೋಡೆಯ ಕಡೆ ಮುಖ ತಿರುಗಿಸಿದಳು. ನಾನು ಅಂಗಡಿಗೆ ಹೋದೆ. ಹೊಟ್ಟೆಯಲ್ಲಿ ಏನೋ ಚುಚ್ಚುತ್ತಿತ್ತು, ಅದನ್ನು ಪಿತ್ತ ಎಂದುಕೊಂಡೆ.

ಶೀಗಿ ಹುಣ್ಣಿಮೆಗೆ ಹನಮಂತಪ್ಪ ಹೊಲಕ್ಕೆ ಕರೆದಿದ್ದ. ಈ ಹುಣ್ಣಿಮೆ ಗೊತ್ತಲ್ಲ, ಬೆಳೆ ಹೊತ್ತ ಭೂಮಿತಾಯಿ ಬಸುರಿ, ಅವಳ ಬಯಕೆ ತೀರಿಸಬೇಕೆಂದು ಬಗೆಬಗೆಯ ಅಡಿಗೆ ಮಾಡಿ ಹೊಲದ ತುಂಬ ಚರಗ ಚೆಲ್ಲುವ ಹಬ್ಬ. ಹೊರಡುವಾಗ ಗಿರಿಜಾ ಬಾಗಿಲಲ್ಲಿ ನಿಂತು ಚಪ್ಪಲಿ ಕೊಟ್ಟಳು. “ಹೋಗಿ ಬರ್ರಿ. ಊರ ಮಂದಿಯೆಲ್ಲ ಭೂಮಿ ಬಸುರಿ ಅಂತ ಹೊಲಕ್ಕ ಹೋಳಿಗಿ ಒಯ್ಯಾಕತ್ಯಾರ. ಮನ್ಯಾಗಿನ ಬಸುರಿಗಿ ಒಂದು ಗಾರಿಗಿ ಇಲ್ಲ.”

ಕೇಳದವನ ಹಾಗೆ ಬಸ್ಸು ಹತ್ತಿದೆ. ತಳಕಲ್ಲಿನ ಹೊಲದಲ್ಲಿ ಹಬ್ಬ ಜೋರಿತ್ತು. ಕಡುಬು, ಸಜ್ಜೆ ರೊಟ್ಟಿ, ಪುಂಡಿಪಲ್ಲೆ, ಎಣ್ಣೆಗಾಯಿ, ಮೊಸರನ್ನ. ನಾನು ಬುಟ್ಟಿ ಹಿಡಿದು ರೂಢಿಯಂತೆ ಕೂಗುತ್ತ ಹೊಲದ ನಾಲ್ಕೂ ಮೂಲೆಗೆ ಚರಗ ಚೆಲ್ಲಿದೆ. ತೊಗರಿ ಹೂವಾಡಿತ್ತು. ಬೋಳಾದ ಸಜ್ಜೆಯ ಸಾಲಿನಲ್ಲಿ ಒಂದೆರಡು ಕುಂಬಳಕಾಯಿ ಬಿಸಿಲು ಕಾಯಿಸುತ್ತ ಕೂತಿದ್ದವು. ಬೇರೆ ದಿನವಾದರೆ ಅಲ್ಲೇ ನಿಂತುಬಿಡುತ್ತಿದ್ದೆ. ಊಟಕ್ಕೆ ಕೂತಾಗ ಹನಮಂತಪ್ಪನ ಹೆಂಡತಿ ಯಲ್ಲವ್ವ ರೊಟ್ಟಿ ಹಾಕುತ್ತ ಕೇಳಿದಳು: “ಸವಿತವ್ವ ಬಂದಾಳಂತಲ್ರಿ ಅಣ್ಣಾರ. ಏನ್ ಉಣ್ತಾಳ?”

“ಏನೂ ಸೇರವಲ್ದವ್ವ.”

“ಏನೂ ಕೇಳಂಗಿಲ್ಲೇನ್ರಿ? ಭೂಮಿತಾಯಿಗಿ ಬಾಯಿಲ್ಲ, ಅಕಿ ಬಯಕಿ ನಾವಽ ತಿಳಕೊಂಡು ಕೊಡಬೇಕು. ಮಗಳಿಗಿ ಬಾಯಿ ಐತಲ್ರಿ, ಏನರ ಕೇಳ್ಯಾಳು.”

ಕೇಳಿದ್ದಾಳೆ ಎಂದು ಹೇಳುವ ಧೈರ್ಯವಾಗಲಿಲ್ಲ. ನೀರು ಕುಡಿದು ಎದ್ದೆ. ಮಗಳ ಒಣಗಿದ ಮುಖ ಕಣ್ಣ ಮುಂದೆ ಬಂತು. ಒಳಗೆ ಚುಚ್ಚುವುದನ್ನು ಈ ಸಲ ಪಿತ್ತ ಎನ್ನಲು ಆಗಲಿಲ್ಲ. ನನ್ನ ಮೇಲೆಯೇ ಅಸಹ್ಯವಾಯಿತು. ಯಲಬುರ್ಗಾದಲ್ಲಿ ಬಸ್ಸು ಬದಲಿಸುವಾಗ ಗಟ್ಟಿ ಮನಸ್ಸು ಮಾಡಿದೆ: ಹಾಳಾಗಲಿ ಶಾಸ್ತ್ರ, ಕಾಯಿ ಕಡಿದೇ ಕೊಡುತ್ತೇನೆ. ಕುಷ್ಟಗಿ ಹತ್ತಿರ ಬಂದಂತೆ ಆ ನಿರ್ಧಾರಕ್ಕೆ ಒಂದು ಬಾಲ ಬೆಳೆಯಿತು: ನಾಳೆ ಬೆಳಿಗ್ಗೆ ಫೋಟೋ ತೆಗೆದ ಕೂಡಲೆ. ನನ್ನಂಥವರ ತ್ಯಾಗ ಯಾವಾಗಲೂ ಮರುದಿನ ಬೆಳಿಗ್ಗೆಯೇ ಇರುತ್ತದೆ.

ಮನೆಯ ಮೆಟ್ಟಿಲು ಹತ್ತುವಾಗಲೇ ಬೆಲ್ಲ, ಎಣ್ಣೆ, ಗಸಗಸೆಯ ಘಮ. ಒಳಗೆ ಹೆಜ್ಜೆ ಇಟ್ಟವನು ಮೊದಲು ನೋಡಿದ್ದು ಬೆಂಚಿನ ಕಡೆ. ಕುಂಬಳಕಾಯಿ ಇದ್ದಲ್ಲೇ ಇತ್ತು, ಅದೇ ಮುಖ, ಅದೇ ಗತ್ತು. ಜೀವ ಬಂದಂತಾಯಿತು. ಗಿರಿಜಾ ತಟ್ಟೆಯಲ್ಲಿ ಗಾರಿಗೆ ತಂದಿಟ್ಟಳು, ಕೇಸರಿ ಬಣ್ಣದವು, ಅಂಚು ಗರಿಗರಿ.

“ಸವಿತಾ?”

“ತಿಂದ್ಲು. ಮಲಕೊಂಡಾಳ. ವಾಂತಿ ಆಗಿಲ್ಲ.”

“ಈ ಸಲ ಸಂತ್ಯಾಗ ಛಲೋ ಹೋಳು ಸಿಕ್ಕಿತೇನು?”

“ಛಲೋ ಕಾಯಿ ಐತಿ. ತಿನ್ರಿ,” ಅಂದಳು ಗಿರಿಜಾ.

ತಿಂದೆ, ಇನ್ನೊಂದು ಕೇಳಿ ತಿಂದೆ. ಮಗಳ ಹೊಟ್ಟೆ ತುಂಬಿತು, ನನ್ನ ಕಾಯಿ ಉಳಿಯಿತು, ಶಾಸ್ತ್ರಕ್ಕೂ ಧಕ್ಕೆ ಬರಲಿಲ್ಲ. ಕುರ್ಚಿಯಲ್ಲಿ ಕೂತು, ಬಾಯಲ್ಲಿ ಗಾರಿಗೆ ಇಟ್ಟುಕೊಂಡು ಬೆಂಚಿನ ಮೇಲಿನ ಸೊಬಗನ್ನು ನೋಡುತ್ತ, ಇಷ್ಟಕ್ಕೇ ಈ ಹೆಂಗಸರು ಏಕೆ ಅಷ್ಟು ರಂಪ ಮಾಡುತ್ತಾರೋ ಎಂದುಕೊಂಡೆ.

ಮರುದಿನ ಕಂಪನಿಯ ಅಧಿಕಾರಿ ಕ್ಯಾಮರಾ ತೂಗುಹಾಕಿಕೊಂಡು ಬಂದ. ತೆಳ್ಳಗಿನ ಯುವಕ, ಮಾತು ಬೆಂಗಳೂರಿನದು. ನಾನು ಇಸ್ತ್ರಿ ಧೋತರ, ಕಪ್ಪು ಮೀಸೆಯಲ್ಲಿ ಸಿದ್ಧನಿದ್ದೆ. ಗಿರಿಜಾ, ಸವಿತಾ ಇಬ್ಬರೂ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದರು. “ಸರ್, ಕಾಯಿಯನ್ನ ಎತ್ತಿ ಎದೆಗೆ ಹಿಡಿದುಕೊಳ್ಳಿ. ಹುಷಾರು, ಸೊಂಟ!” ಎಂದ ಅಧಿಕಾರಿ.

ಅಂಗಡಿಯಿಂದ ತರುವಾಗಿನ ಭಾರ ನೆನಪಿತ್ತು. ಕಾಲು ಅಗಲಿಸಿ ನಿಂತೆ, ಬಸವಣ್ಣನ ಹೆಸರು ಹೇಳಿದೆ, ಉಸಿರು ಬಿಗಿಹಿಡಿದು ಇದ್ದ ಶಕ್ತಿಯನ್ನೆಲ್ಲ ಹಾಕಿ ಎತ್ತಿದೆ. ಕಾಯಿ ಗಾಳಿಯಲ್ಲಿ ಹಾರಿ ಬಂದು ನನ್ನ ಗದ್ದಕ್ಕೆ ಬಡಿಯಿತು. ನಾನು ಹಿಂದೆ ಹಿಂದೆ ಹೋಗಿ ಗೋಡೆಗೆ ತಾಕಿ ನಿಂತೆ. ಹಿಂಬದಿಗೆ ಹಿಡಿದ ನನ್ನ ಹತ್ತೂ ಬೆರಳು ಕಾಯಿಯ ಒಳಗಿದ್ದವು. ಒಳಗೆ ಏನೂ ಇರಲಿಲ್ಲ. ತಣ್ಣಗೆ, ಒದ್ದೆ ಒದ್ದೆ, ಖಾಲಿ. ಗೋಡೆಯ ಕಡೆಗಿದ್ದ ಬೆನ್ನನ್ನು ಪೂರ್ತಿ ಕಡಿದು, ತಿರುಳೆಲ್ಲ ಕೆರೆದು ತೆಗೆದು, ಮುಖವನ್ನು ಮಾತ್ರ ನನಗೆ ಬಿಟ್ಟಿದ್ದರು.

“ಅಬ್ಬಾ, ಈ ವಯಸ್ಸಿನಲ್ಲಿ ಏನು ಶಕ್ತಿ ಸರ್!” ಎಂದ ಅಧಿಕಾರಿ. “ಆದರೆ ಸ್ವಲ್ಪ ಭಾರ ಇದ್ದ ಹಾಗೆ ಹಿಡಿಯಿರಿ. ಫೋಟೋದಲ್ಲಿ ತೂಕ ಕಾಣಬೇಕು.”

ಬಾಗಿಲಲ್ಲಿ ಗಿರಿಜಾ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ನಾನು ಮಂಡಿ ಬಗ್ಗಿಸಿದೆ, ಹಲ್ಲು ಕಚ್ಚಿದೆ, ಖಾಲಿ ಬೆನ್ನನ್ನು ನನ್ನ ಹೊಟ್ಟೆಗೆ ಒತ್ತಿಕೊಂಡು ಏದುಸಿರು ಬಿಟ್ಟೆ. ಚುನಾವಣೆಗೆ ನಿಂತವರೂ ಇಷ್ಟು ಕಷ್ಟಪಟ್ಟು ನಕ್ಕಿರಲಾರರು.

“ಇದು ನಮ್ಮ ಯಾವ ತಳಿ ಸರ್?”

ಪಾಕೀಟಿನ ಮೇಲಿದ್ದ ಒಂದು ಹೆಸರು ಹೇಳಿದೆ.

“ಒಳಗೆ ತಿರುಳು ಹೇಗಿರುತ್ತೆ?”

“ಭಾಳ ದಪ್ಪ,” ಎಂದೆ. ಅವನು ಸಂತೋಷದಿಂದ ಇನ್ನೊಂದು ಫೋಟೋ ತೆಗೆದ, ಚಹಾ ಕುಡಿದು ಹೋದ.

ಅವನ ಗಾಡಿ ತಿರುವು ದಾಟಿದ ಮೇಲೆ ನಾನು ಕಾಯಿಯನ್ನು ಹಿಡಿದುಕೊಂಡೇ ಅಡಿಗೆಮನೆಯ ಬಾಗಿಲಿಗೆ ಬಂದೆ. “ಏನಿದು?”

“ಮುಖ ಹಂಗಽ ಐತಲ್ರಿ,” ಅಂದಳು ಗಿರಿಜಾ. “ನಿಮಗ ನೋಡಾಕ ಬೇಕಾಗಿತ್ತು, ನಮಗ ತಿನ್ನಾಕ ಬೇಕಾಗಿತ್ತು. ಮುಖ ಗಂಡಸ್ರ ಕಡಿ ಇರ್ಲಿ, ಬೆನ್ನು ನಮ್ಮ ಕಡಿ ಇರ್ಲಿ ಅಂತ ಅತ್ತಿಯವ್ರಽ ಹೇಳಿಕೊಟ್ಟಿದ್ದು.”

“ನಮ್ಮವ್ವ?”

“ಮತ್ತ? ಮಾವನವ್ರು ಹೊಲದಿಂದ ಬರೂಕಿಂತ ಮೊದ್ಲ ತಳದಾಗ ಈಳಿಗಿ ಆಡಿಸಿ ಇಡ್ತಿದ್ರಂತ. ಇಲ್ಲಾಂದ್ರ ಮಂದಿ ಮುಂದ ಏಟು ಜಾರಿ ಕಾಲ ಮ್ಯಾಲೆ ಬಿದ್ದೀತು, ಪಾಪ, ಅಂತಿದ್ರು.”

ಅಪ್ಪನ ಗಂಟಲು ಸರಿಮಾಡಿಕೊಳ್ಳುವ ಸದ್ದು, ಆ ಒಂದೇ ಏಟು, ಪಕ್ಕದಲ್ಲಿ ಸೆರಗು ಹೊದ್ದು ತಲೆ ತಗ್ಗಿಸಿ ನಿಂತಿರುತ್ತಿದ್ದ ಅವ್ವ. ಅವಳೇಕೆ ಅಷ್ಟು ತಲೆ ತಗ್ಗಿಸುತ್ತಿದ್ದಳೆಂದು ಈಗ ಅರ್ಥವಾಯಿತು. ನಾನು ಮೆಲ್ಲಗೆ ಕೇಳಿದೆ: “ಮತ್ತ ಇಷ್ಟು ವರ್ಷ ನಾನು ಕಡದವು?”

“ನೀವು ಕಡದದ್ದು ಯಾವುದ್ರಿ?” ಎಂದು ಗಿರಿಜಾ ನಿಜವಾಗಿಯೂ ನೆನಪಿಸಿಕೊಳ್ಳುವವಳಂತೆ ಕೇಳಿದಳು.

ನನ್ನ ಖಾತೆಯೂ ಹೋಯಿತು. ಉಳಿದದ್ದು ಶಾಸ್ತ್ರ. ಅದನ್ನೇ ಎತ್ತಿಕೊಂಡೆ, ಮುಳುಗುವವನಿಗೆ ಹುಲ್ಲುಕಡ್ಡಿ. “ಹೆಂಗಸ್ರು ಇಡೀ ಕಾಯಿ ಕಡದೀರಿ, ಅದೂ ಬಸುರಿ ಇದ್ದ ಮನ್ಯಾಗ. ನಾಳೆ ಏನರ ಆದ್ರ? ಯಾರು ಕಡದದ್ದು? ನೀನಽ?”

“ನಾ ಅಲ್ಲ,” ಅಂದಳು ಗಿರಿಜಾ. “ಬಸುರಿ ಇದ್ದ ಮನಿ ಅಂತ ಈ ಸಲ ನಾನೂ ಕೈ ಹಚ್ಚಾಕ ಅಂಜಿ ನಿಂತಿದ್ದೆ.”

ಅವಳ ಹಿಂದೆ, ನೆಲದ ಮೇಲೆ, ಸವಿತಾ ಕಾಲು ಚಾಚಿ ಕೂತಿದ್ದಳು. ಮುಂದೆ ನಿನ್ನೆಯ ಗಾರಿಗೆಯ ಡಬ್ಬಿ. ಕುಂಬಳಕಾಯಿ ಕಳ್ಳ ಅಂದರೆ ಗಾದೆಯವನು ಹೆಗಲನ್ನಾದರೂ ಮುಟ್ಟಿ ನೋಡಿಕೊಂಡ. ಇವಳು ಬಾಯಲ್ಲಿದ್ದದ್ದನ್ನು ಪೂರ್ತಿ ಅಗಿದು, ನುಂಗಿ, ಆಮೇಲೆ ನನ್ನ ಕಡೆ ನೋಡಿದಳು.

“ನಾನಽ ಕಡದೆ ಅಪ್ಪಾ,” ಅಂದಳು. “ಭಾಳ ಹಸಿವಿ ಆಗಿತ್ತು.”

ಗಿರಿಜಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನನಗೆ ಆ ಮಾತನ್ನು ಮತ್ತೊಮ್ಮೆ ಕೇಳಬೇಕೆನ್ನಿಸಿತು. ಅವಳ ಕೆನ್ನೆಯ ಮೇಲೆ ಒಂದು ಗಸಗಸೆ ಕಾಳು ಅಂಟಿಕೊಂಡಿತ್ತು. ನಾನು ಧೋತರ ಎತ್ತಿಕಟ್ಟಿ ಮಗಳ ಎದುರಿಗೆ ಕುಕ್ಕರಗಾಲಲ್ಲಿ ಕೂತೆ. ಕುಂಬಳಕಾಯಿಯ ಮುಖವನ್ನು ಅವಳ ಮುಂದೆ ಇಟ್ಟು, ಈಳಿಗೆಯನ್ನು ಹತ್ತಿರ ಸರಿಸಿದೆ.

“ಇದರಾಗೂ ಒಂದಿಷ್ಟು ತಿರುಳು ಉಳದೈತಿ ನೋಡವಾ,” ಎಂದೆ. “ಇದನ್ನೂ ಕಡಿ.”